ರೋಲಿನಲ್ಲಿ ಉಳಿದ ಎರಡು ಫ್ರೇಮು

ಮದುವೆಯ ಆಲ್ಬಮ್ಮನ್ನು ನಾವು ಯಾರೂ ಓದುವುದಿಲ್ಲ, ತಿರುವಿ ಹಾಕುತ್ತೇವೆ. ನೆಂಟರು ಬಂದಾಗ ಚಹಾದ ಜೊತೆಗೆ ಅದೂ ಹೊರಬರುತ್ತದೆ. ನಮ್ಮ ಮುಖವಿರುವ ಪುಟ ಸಿಕ್ಕಿತೆಂದರೆ ಉಳಿದದ್ದು ಬೇಗ ಬೇಗ ಮುಗಿಯುತ್ತದೆ. ಆದರೆ ಕಥಾಸಂಕಲನವೊಂದನ್ನು ಓದುವ ಹಾಗೆ ಒಮ್ಮೆ ಕುಳಿತು ನೋಡಿದರೆ ಅದಕ್ಕೊಂದು ವ್ಯಾಕರಣ ಇರುವುದು ಗೊತ್ತಾಗುತ್ತದೆ. ಮೊದಲಿಗೆ ಹಳದಿ, ಮೆಹಂದಿಯ ಕೈಗಳು. ಆಮೇಲೆ ಗಂಡಸರ ಕಡೆ ಖಾಝಿ ಸಾಹೇಬರು, ವಕೀಲರು, ಸಾಕ್ಷಿಗಳು, ನಿಕಾಹ್‌ನಾಮೆಯ ಮೇಲೆ ಬಾಗಿದ ಪೆನ್ನು, ಖರ್ಜೂರ, ಆಲಿಂಗನ. ಹೆಂಗಸರ ಕಡೆ ತಗ್ಗಿದ ಮುಖ, ಅದರ ಮೇಲೆ ಇಳಿಬಿದ್ದ ಹೂವಿನ ಸೆಹ್ರಾ. ನಂತರ ವೇದಿಕೆಯ ಕುರ್ಚಿಗಳ ಹಿಂದೆ ಸಾಲುಸಾಲಾಗಿ ನಿಂತ ಬಂಧುಬಳಗ. ಕೊನೆಗೆ ರುಖ್ಸತಿಯ ಅಳು. ಬೀದರಿನ ಆಲ್ಬಮ್ಮಿಗೂ ಭಟ್ಕಳದ ಆಲ್ಬಮ್ಮಿಗೂ ಉಡುಗೆಯಲ್ಲಿ ವ್ಯತ್ಯಾಸ ಇರಬಹುದು, ವ್ಯಾಕರಣದಲ್ಲಿ ಹೆಚ್ಚೇನಿಲ್ಲ.

ಈ ಆಲ್ಬಮ್ಮಿನಲ್ಲಿ ಯಾರು ಇಲ್ಲ ಎಂದು ಹುಡುಕುವುದು ಇನ್ನೂ ಉಪಯುಕ್ತವಾದ ಕೆಲಸ. ಹಿತ್ತಲಿನಲ್ಲಿ ದೇಗಿನ ಮುಂದೆ ನಿಂತ ಬಾವರ್ಚಿ ಇಲ್ಲ. ಎರಡು ರಾತ್ರಿ ಈರುಳ್ಳಿ ಹೆಚ್ಚಿದ ವಿಧವೆ ಚಿಕ್ಕಮ್ಮ ಇಲ್ಲ. ಇದ್ದರೂ ಗುಂಪಿನ ತುದಿಯಲ್ಲಿ, ಅರ್ಧ ಮುಖ. ಮಗಳ ಮದುವೆಗೆ ಮಾಡಿದ ಸಾಲದ ಲೆಕ್ಕ ಹಾಕುತ್ತಾ ಮೂಲೆಯಲ್ಲಿ ಕುಳಿತ ತಂದೆ ಇಲ್ಲ. ಕ್ಯಾಮೆರಾದ ಮುಂದೆ ಬಂದಾಗ ಆತ ನಗುತ್ತಿದ್ದಾನೆ. ಆಲ್ಬಮ್ಮು ಸುಳ್ಳು ಹೇಳುತ್ತದೆ ಎನ್ನುವುದು ನಮ್ಮ ತಕರಾರಲ್ಲ. ಮನೆತನ ತಾನು ಹೇಗೆ ಕಾಣಬೇಕೆಂದು ಬಯಸುತ್ತದೋ ಅದನ್ನು ಅದು ನಿಷ್ಠೆಯಿಂದ ದಾಖಲಿಸುತ್ತದೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ತನ್ನ ಸಂಗಡಿಗರೊಂದಿಗೆ 1965ರಲ್ಲಿ ಪ್ರಕಟಿಸಿದ ಛಾಯಾಗ್ರಹಣದ ಪುಸ್ತಕದಲ್ಲಿ ತನ್ನ ಹುಟ್ಟು ಸೀಮೆಯಾದ ಬೇಯಾರ್ನ್‌ನ ಹಳ್ಳಿಯ ಸಂಗತಿ ಹೇಳುತ್ತಾನೆ. ಅಲ್ಲಿಗೆ ಕ್ಯಾಮೆರಾ ಕಾಲಿಟ್ಟದ್ದೇ ಮದುವೆಯ ಗುಂಪುಚಿತ್ರದ ಮೂಲಕ. ಚಿತ್ರದಲ್ಲಿರುವವರು ಒಂದು ಪ್ರತಿ ಕೊಳ್ಳಲೇಬೇಕು, ಕೊಳ್ಳದಿದ್ದರೆ ಮದುವೆ ಮನೆಯವರಿಗೆ ಅವಮಾನ. ಅಂದರೆ ಫೋಟೋ ಅಲ್ಲಿ ಕಲೆಯೂ ಅಲ್ಲ, ನೆನಪೂ ಅಲ್ಲ. ಮುಯ್ಯಿಯ ಹಾಗೆ ಒಂದು ಋಣ. ನಮ್ಮಲ್ಲೂ ವಲೀಮಾದ ದಿನ ವೇದಿಕೆ ಹತ್ತಿ ಲಕೋಟೆ ಕೊಟ್ಟು, ಕ್ಯಾಮೆರಾದ ಕಡೆ ತಿರುಗಿ, ಇಳಿಯುವವರ ಸಾಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉರ್ದುವಿನಲ್ಲಿ ಛಾಯಾಗ್ರಹಣಕ್ಕೆ ಅಕ್ಕಾಸಿ ಎನ್ನುತ್ತಾರೆ. ಅಕ್ಸ್ ಎಂದರೆ ಪ್ರತಿಬಿಂಬ. ತಸ್ವೀರ್ ಎಂಬ ಇನ್ನೊಂದು ಶಬ್ದವೂ ಇದೆ. ಅದು ರೂಪ ಕೊಡುವುದಕ್ಕೆ ಸಂಬಂಧಿಸಿದ್ದು, ಅಲ್ಲಾಹನ ಹೆಸರುಗಳಲ್ಲೊಂದಾದ ಅಲ್ ಮುಸವ್ವಿರ್ ಅದೇ ಧಾತುವಿನದು. ಫೋಟೋ ತೆಗೆಯುವುದು ಸರಿಯೋ ಅಲ್ಲವೋ ಎಂಬ ಶತಮಾನದ ವಾದವೆಲ್ಲ ಈ ಎರಡು ಶಬ್ದಗಳ ನಡುವೆ ನಡೆದಿದೆ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಫೋಟೋ ಎಂದರೆ ಸೃಷ್ಟಿಯಲ್ಲ, ನೆರಳನ್ನು ಹಿಡಿದಿಡುವುದು ಎಂದು ವಾದಿಸಿ ಅದಕ್ಕೆ ಅನುಮತಿ ಕೊಟ್ಟರು. ಉಪಖಂಡದ ಹಲವು ಉಲೇಮಾಗಳು ಹಾಗೆ ಒಪ್ಪಲಿಲ್ಲ. ಹಜ್ಜಿನ ಪಾಸ್‌ಪೋರ್ಟಿನಂಥ ಅನಿವಾರ್ಯಕ್ಕೆ ಮಾತ್ರ ಎಂದರು. ಮದುವೆ ಮನೆಗಳು ಯಾರ ತೀರ್ಪಿಗೂ ಕಾಯಲಿಲ್ಲ ಎನ್ನುವುದು ಬೇರೆ ಮಾತು. ದಖನಿನ ಜಲ್ವಾದಲ್ಲಿ ವಧೂವರರು ಮೊದಲ ಬಾರಿಗೆ ಒಬ್ಬರನ್ನೊಬ್ಬರು ಕನ್ನಡಿಯಲ್ಲಿ ನೋಡುವ ಆರಸಿ ಮುಸಾಫಿನ ಶಾಸ್ತ್ರ ಇದೆಯಲ್ಲ, ಅದನ್ನು ಹಿಡಿಯಲು ಫೋಟೋಗ್ರಾಫರ್ ಕುರ್ಚಿ ಹತ್ತಿ ನಿಲ್ಲುತ್ತಾನೆ. ಕನ್ನಡಿಯೊಳಗಿನ ಅಕ್ಸ್‌ನ ಅಕ್ಸ್! ಇಡೀ ಆಲ್ಬಮ್ಮಿನಲ್ಲಿ ನಿಜವಾಗಿ ನೋಡಬೇಕೆನಿಸುವ ಒಂದೇ ಚಿತ್ರ ಎಷ್ಟೋ ಸಲ ಅದೇ ಆಗಿರುತ್ತದೆ.

ಪರ್ದಾ ಪಾಲಿಸುವ ಮನೆಯ ಹೆಣ್ಣುಮಕ್ಕಳ ಚಿತ್ರ ತೆಗೆಯುವವರು ಯಾರು ಎಂಬ ಪ್ರಶ್ನೆ ಹೊಸದಲ್ಲ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಝನಾನಾ ಸ್ಟುಡಿಯೋ ತೆರೆದು, ಅದನ್ನು ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಹೆಂಗಸಿನ ಕೈಗೆ ಒಪ್ಪಿಸಿದರು. ಕಲಬುರಗಿ, ಬೀದರ, ರಾಯಚೂರುಗಳೆಲ್ಲ ಆಗ ಅದೇ ನಿಜಾಮರ ರಾಜ್ಯದಲ್ಲಿದ್ದವು. ದೀನದಯಾಳ್ ಜೈನರು, ನಿಜಾಮರು ಅವರಿಗೆ ಕೊಟ್ಟ ಬಿರುದು ಮುಸವ್ವಿರ್ ಜಂಗ್. ವಿವಾದದ ಶಬ್ದವನ್ನೇ ಮುಸ್ಲಿಂ ದೊರೆ ಬಿರುದಾಗಿ ಕೊಟ್ಟ ಎನ್ನುವುದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಇಸ್ತಾಂಬುಲಿನಲ್ಲಿ 1919ರಲ್ಲಿ ನಾಜಿಯೆ ಹಾನಿಮ್ ಎಂಬ ಮುಸ್ಲಿಂ ಮಹಿಳೆ ಹೆಂಗಸರಿಗಾಗಿ ಸ್ಟುಡಿಯೋ ತೆರೆದರು. ಪ್ಯಾಲೆಸ್ತೀನಿನಲ್ಲಿ ಕ್ರೈಸ್ತ ಪಾದ್ರಿಯ ಮಗಳು ಕರೀಮಾ ಅಬ್ಬೂದ್ ಮನೆಮನೆಗೆ ಹೋಗಿ ಹೆಂಗಸರ, ಮಕ್ಕಳ ಚಿತ್ರ ತೆಗೆದರು. ನಮ್ಮ ಊರುಗಳ ಮದುವೆ ಮಂಟಪಗಳಲ್ಲಿ ಇಂದು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೆಂಗಸರ ಕಡೆಗೆ ಹೋಗುವ ಹುಡುಗಿಯನ್ನು ಹೊಸ ಕಾಲದ ವಿಚಿತ್ರ ಎಂಬಂತೆ ನೋಡುವವರಿದ್ದಾರೆ. ಅವಳು ನೂರಕ್ಕೂ ಹೆಚ್ಚು ವರ್ಷಗಳ ಹಳೆಯ ಕಸುಬಿನವಳು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತ ಎಷ್ಟೋ ಹೆಣ್ಣುಮಕ್ಕಳಿಗೆ ಇದೊಂದು ಮರ್ಯಾದೆಯ ದುಡಿಮೆ. ರಾತ್ರಿ ಹನ್ನೊಂದಕ್ಕೆ ಮಂಟಪದಿಂದ ಮನೆಗೆ ಹೋಗುವುದು ಹೇಗೆ ಎಂದು ಕೇಳುವ ಹಿರಿಯರು ಆಟೋ ಕಾಸನ್ನೂ ಸಂಭಾವನೆಯಲ್ಲಿ ಸೇರಿಸಿದರೆ ಅರ್ಧ ಪ್ರಶ್ನೆ ಬಗೆಹರಿಯುತ್ತದೆ.

ಮೂವತ್ತಾರು ಫ್ರೇಮಿನ ರೋಲುಗಳ ಕಾಲದಲ್ಲಿ ಮದುವೆ ಫೋಟೋಗ್ರಾಫರರ ಮನೆಗಳಲ್ಲಿ ಒಂದು ವಿಶೇಷವಿತ್ತು. ಮದುವೆ ಮುಗಿದಾಗ ಕೊನೆಯ ರೋಲಿನಲ್ಲಿ ಎರಡೋ ಮೂರೋ ಫ್ರೇಮು ಉಳಿಯುತ್ತಿದ್ದವು. ಹಾಗೇ ತೊಳೆಯಲು ಕೊಟ್ಟರೆ ನಷ್ಟ. ಬೆಳಿಗ್ಗೆ ಎದ್ದವನೇ ಅದನ್ನು ತನ್ನ ಮನೆಯವರ ಮೇಲೆ ಖರ್ಚು ಮಾಡುತ್ತಿದ್ದ. ಮೊರದಲ್ಲಿ ಅಕ್ಕಿ ಆರಿಸುವ ಹೆಂಡತಿ, ಮದರಸಾಕ್ಕೆ ಹೊರಟ ಮಗನ ಓರೆಯಾದ ಟೋಪಿ, ಬಿಸಿಲಿನಲ್ಲಿ ಕೂದಲು ಒಣಗಿಸುತ್ತಿರುವ ಅತ್ತಿಗೆ. ಯಾರೂ ಸಿದ್ಧರಾಗಿರುವುದಿಲ್ಲ. "ಇರಿ, ಸೀರೆ ಬದಲಿಸಿ ಬರುತ್ತೇನೆ" ಎನ್ನುವುದರೊಳಗೆ ಕ್ಲಿಕ್ ಆಗಿರುತ್ತದೆ. ನಾವು ಅಂಥ ಕೆಲವು ಚಿತ್ರಗಳನ್ನು ನೋಡಿದ್ದೇವೆ. ಹಿಂದಿನ ರಾತ್ರಿಯ ಮೂವತ್ತನಾಲ್ಕು ಚಿತ್ರಗಳಲ್ಲಿ ಅದೇ ಕೈ, ಅದೇ ಲೆನ್ಸು. ಆದರೆ ಅಲ್ಲಿ ಇಲ್ಲದ ಒಂದು ಸಲಿಗೆ ಇಲ್ಲಿದೆ. ಅಲ್ಲಿ ಆತ ಕೂಲಿ, ಇಲ್ಲಿ ಮನೆಯ ಮನುಷ್ಯ. ಮದುವೆಯ ಚಿತ್ರದಲ್ಲಿ ಜನ ಕ್ಯಾಮೆರಾವನ್ನು ನೋಡುತ್ತಾರೆ, ಈ ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದವನನ್ನು ನೋಡುತ್ತಾರೆ. ಕಣ್ಣಿನಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ.

ಈ ಬಗೆಯ ಚಿತ್ರಗಳಿಗೆ ಕಲೆಯ ಲೋಕದಲ್ಲಿ ಮರ್ಯಾದೆ ಸಿಗಲು ತಡವಾಯಿತು. ದಯಾನಿತಾ ಸಿಂಗ್ ದೊಡ್ಡ ಹೆಸರು. ಆದರೆ ಅವರ ತಾಯಿ ನೋನಿ ಸಿಂಗ್ ದಶಕಗಳ ಕಾಲ ತಂಗಿಯರನ್ನು, ಹೆಣ್ಣುಮಕ್ಕಳನ್ನು, ನೆಂಟರನ್ನು ಮನೆಯ ಸಲುವಾಗಿಯೇ ತೆಗೆದ ಚಿತ್ರಗಳು ಪುಸ್ತಕವಾಗಿ ಬಂದದ್ದು 2013ರಲ್ಲಿ. ಮಾಲಿ ದೇಶದ ಬಮಾಕೊದಲ್ಲಿ 1948ರಲ್ಲಿ ಸ್ಟುಡಿಯೋ ತೆರೆದ ಸೇಡು ಕೀಟಾ ಮೊದಲು ಬಡಗಿ. ತನ್ನ ಹಾಸಿಗೆಯ ಹೊದಿಕೆಯನ್ನೇ ಹಿಂಪರದೆಯಾಗಿ ಕಟ್ಟಿದ. ಅವನ ನಂತರದ ಮಲಿಕ್ ಸಿದಿಬೆ ಮದುವೆ, ಕುಣಿತದ ಕೂಟಗಳಿಗೆಲ್ಲ ಕ್ಯಾಮೆರಾ ಹಿಡಿದು ಅಲೆದು, ಸಣ್ಣ ಪ್ರತಿಗಳನ್ನು ರಟ್ಟಿಗೆ ಅಂಟಿಸಿ ಸ್ಟುಡಿಯೋದ ಹೊರಗೆ ತೂಗುಹಾಕುತ್ತಿದ್ದ. ಬೀದಿಯ ಹುಡುಗ ಹುಡುಗಿಯರು ಬಂದು ತಮ್ಮ ಚಿತ್ರ ಹುಡುಕಿ ಕೊಳ್ಳುತ್ತಿದ್ದರು. 2007ರಲ್ಲಿ ವೆನಿಸ್ ಬಿನಾಲೆ ಅವನಿಗೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಕೊಟ್ಟಿತು. ಚಿತ್ರವನ್ನು ಬೀದಿಗೆ ಹಂಚುವುದು ಮೊಬೈಲಿನಿಂದ ಶುರುವಾದದ್ದಲ್ಲ ಎಂದು ಹೇಳಲು ಇಷ್ಟು ಸಾಕು. ಬಮಾಕೊದ ಆ ರಟ್ಟಿಗೆ ಒಂದು ಗಡಿ ಇತ್ತು, ಆ ಬೀದಿಯೇ ಅದರ ಗಡಿ.

ಈಗಿನ ಮದುವೆ ಫೋಟೋಗ್ರಾಫರರಿಗೆ ಇಷ್ಟವಾದ ಶಬ್ದ ಕ್ಯಾಂಡಿಡ್. ಉಳಿದ ಎರಡು ಫ್ರೇಮಿನ ಆ ಸಲಿಗೆಯನ್ನೇ ಮಂಟಪದಲ್ಲಿ ಸೃಷ್ಟಿಸಿ ಕೊಡುತ್ತೇವೆ ಎಂದು ಅವರು ಹೇಳುತ್ತಾರೆ. ನಮಗೆ ಇದರಲ್ಲಿ ನಂಬಿಕೆ ಕಡಿಮೆ. "ಮೇಡಂ, ನನ್ನ ಕಡೆ ನೋಡಬೇಡಿ, ಗೆಳತಿಯ ಕಿವಿಯಲ್ಲಿ ಏನೋ ಹೇಳಿ ನಗಿ" ಎಂದ ಮೇಲೆ ಬರುವ ನಗು ಹಳೆಯ ಕಾಲದ "ರೆಡಿ, ಸ್ಮೈಲ್"ಗಿಂತ ಹೆಚ್ಚು ಸುಳ್ಳು. ಹಳೆಯ ಚಿತ್ರ ತಾನು ವೇಷ ಎಂದು ಒಪ್ಪಿಕೊಳ್ಳುತ್ತಿತ್ತು. ಇನ್ನು ಮದುವೆಗೆ ಮುಂಚೆಯೇ ಸಮುದ್ರದ ದಂಡೆಗೆ, ಹಾಳು ಕೋಟೆಗೆ ಹೋಗಿ ತೆಗೆಸುವ ಚಿತ್ರಗಳ ಬಗ್ಗೆ ಹೆಚ್ಚು ಬರೆಯುವ ಉತ್ಸಾಹ ನಮಗಿಲ್ಲ. ಅವುಗಳ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ಹೆಣ್ಣಿನ ತಂದೆಯನ್ನು ಕೇಳಿದರೆ ಸಾಕು.

ಫೋಟೋಗ್ರಾಫರ್ ತನ್ನ ಮನೆಯ ದಿನನಿತ್ಯದ ಚಿತ್ರಗಳನ್ನೂ ಇನ್‌ಸ್ಟಾಗ್ರಾಂನಲ್ಲಿ ಮದುವೆಯ ಚಿತ್ರಗಳ ಪಕ್ಕದಲ್ಲೇ ಹಾಕುತ್ತಾನೆ. ಮಗುವಿನ ಮೊದಲ ಹೆಜ್ಜೆ, ಇಫ್ತಾರಿನ ತಟ್ಟೆ, ನಿದ್ದೆಹೋದ ಅಜ್ಜ. ನೋಡಲು ಹಿತವಾಗಿರುತ್ತದೆ, ಇಂಥ ಕುಟುಂಬಸ್ಥನಿಗೆ ನಮ್ಮ ಮನೆಯ ಮದುವೆ ಒಪ್ಪಿಸಬಹುದು ಎನಿಸುತ್ತದೆ. ಹಾಗೆ ಅನಿಸಲೆಂದೇ ಅವು ಅಲ್ಲಿರುತ್ತವೆ. ಮಗುವನ್ನು ಯಾರು ಕೇಳಿದರು? ಅಮೆರಿಕದ ಸ್ಯಾಲಿ ಮಾನ್ ತನ್ನ ಮೂವರು ಮಕ್ಕಳ ಚಿತ್ರಗಳ ಪುಸ್ತಕವನ್ನು 1992ರಲ್ಲಿ ತಂದಾಗ ಎದ್ದ ವಿವಾದ ಇದೇ ಪ್ರಶ್ನೆಯದು. ಆಕೆಯ ಚಿತ್ರಗಳು ಬಹುದೊಡ್ಡ ಕಲೆ ಎಂದು ಒಪ್ಪಿದ ಮೇಲೂ ಪ್ರಶ್ನೆ ಉಳಿದೇ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಬರೀ ಚರ್ಚೆಯ ಮಾತಲ್ಲ. 2021ರ ಜುಲೈಯಲ್ಲಿ, ಮತ್ತೆ 2022ರ ಜನವರಿ ಒಂದರಂದು, ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಜಾಲತಾಣಗಳಿಂದ ಎತ್ತಿ ಹರಾಜಿಗಿಟ್ಟಂತೆ ತೋರಿಸುವ ಆ್ಯಪ್‌ಗಳು ಕಾಣಿಸಿಕೊಂಡವು. ಪತ್ರಕರ್ತೆಯರು, ವಕೀಲೆಯರು, ಪೈಲಟ್, ಮಗನನ್ನು ಕಳೆದುಕೊಂಡ ವೃದ್ಧ ತಾಯಿ ಕೂಡ ಅದರಲ್ಲಿದ್ದರು. ಎರಡನೆಯ ಪ್ರಕರಣದಲ್ಲಿ ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಅದಾದ ಮೇಲೆ ನಮ್ಮ ಪರಿಚಯದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ವಾಟ್ಸಪ್ಪಿನ ಮುಖಗಳು ಗುಲಾಬಿ ಹೂವುಗಳಾದವು. "ಹಾಕಿದ್ದೇ ತಪ್ಪು" ಎಂದ ಅಣ್ಣಂದಿರೂ ಇದ್ದರು. ನಾವು ಇದನ್ನು ಒಪ್ಪುವುದಿಲ್ಲ. ಕಳ್ಳತನವಾದ ಮನೆಯ ಯಜಮಾನಿಯನ್ನು ಬೈಯುವ ನ್ಯಾಯ ಇದು. ತನ್ನ ಮುಖ, ತನ್ನ ಹೆಸರು, ತನ್ನ ಕೆಲಸ ಹೇಳಿಕೊಂಡ ಹೆಣ್ಣು ಕಾಣದಂತಾಗಬೇಕು ಎನ್ನುವುದೇ ಹರಾಜು ಹಾಕಿದವರ ಆಸೆಯಾಗಿತ್ತು. ಆ ಆಸೆಯನ್ನು ನಾವೇ ಮನೆಯೊಳಗೆ ಪೂರೈಸಿಕೊಡುವುದೇ?

ಆದರೆ ತಾನಾಗಿ ಹಾಕಿದ್ದಕ್ಕೂ ಇನ್ನೊಬ್ಬರು ಹಾಕಿದ್ದಕ್ಕೂ ಅಂತರ ಇದೆ, ಮದುವೆ ಫೋಟೋಗ್ರಾಫರ್ ಬರುವುದು ಆ ಅಂತರದಲ್ಲಿ. ಹಿಂದೆ ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ವಧುವಿನ ಚಿತ್ರ ಇಟ್ಟರೆ ಅಣ್ಣತಮ್ಮಂದಿರು ಜಗಳಕ್ಕೆ ಬರುತ್ತಿದ್ದರು, ಚಿತ್ರ ಕೆಳಗಿಳಿಯುತ್ತಿತ್ತು. ಈಗ ಅದು ಜಾಹೀರಾತಾಗಿ ಊರೂರು ತಿರುಗಿದ ಮೇಲೆ ಮನೆಯವರಿಗೆ ಗೊತ್ತಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರ ತೆಗೆಸಿದವರೇ ಹೊರತು ತೆಗೆದವನಲ್ಲ. ಮೆಹರಿನ ಮೊತ್ತದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಹಿರಿಯರು ಫೋಟೋಗ್ರಾಫರ್ ಚಾಚುವ ಮುದ್ರಿತ ಕಾಗದಕ್ಕೆ ಓದದೆ ರುಜು ಹಾಕುತ್ತಾರೆ. ಆ ಬೇರೆ ಒಪ್ಪಂದ ಇರುವುದು ಆ ಕಾಗದದಲ್ಲೇ. ವಧುವಿನ ಒಪ್ಪಿಗೆಯನ್ನು ನಿಕಾಹಿಗೆ ಕೇಳುತ್ತೇವೆ. ಅವಳ ಚಿತ್ರಕ್ಕೂ ಅವಳನ್ನೇ ಕೇಳಬೇಕು, ಅವಳ ಅಣ್ಣನನ್ನಲ್ಲ.

ಸತ್ತವರ ಫೋಟೋಕ್ಕೆ ಕಟ್ಟು ಹಾಕಿಸಿ ಹಾರ ತೊಡಿಸುವ ರೂಢಿ ನಮ್ಮಲ್ಲಿಲ್ಲ. ಹಾಗೆಂದು ಮುಖವನ್ನು ನೋಡಬೇಕೆನಿಸುವುದಿಲ್ಲವೆಂದಲ್ಲ. 1993ರ ನಂತರ ಚುನಾವಣಾ ಗುರುತಿನ ಚೀಟಿ ಬಂದಾಗ ಮೊದಲ ಸಲ ಕ್ಯಾಮೆರಾದ ಮುಂದೆ ಕುಳಿತ ಅಜ್ಜಿಯರಿದ್ದರು. ಅವರು ತೀರಿಕೊಂಡ ಮೇಲೆ ಮೊಮ್ಮಕ್ಕಳು ಫೋಟೋ ಹುಡುಕುತ್ತಾರೆ. ಸಿಗುವುದು ಮಸಿ ಮೆತ್ತಿದಂಥ ಆ ಚೀಟಿಯ ಮುಖ, ಇಲ್ಲವೇ ಯಾರದೋ ಮದುವೆಯ ಗುಂಪುಚಿತ್ರದ ತುದಿಯಲ್ಲಿ ಸೆರಗಿನ ಮರೆಯ ಅರ್ಧ ಮುಖ. ಅದನ್ನೇ ಕತ್ತರಿಸಿ ದೊಡ್ಡದು ಮಾಡಿಸುತ್ತಾರೆ. ಪಕ್ಕದವರ ಭುಜವೂ ಜೊತೆಗೆ ಬರುತ್ತದೆ.

ಪೇಟೆಯ ಹಳೆಯ ಸ್ಟುಡಿಯೋಗಳು ಬಾಗಿಲು ಮುಚ್ಚುತ್ತಿವೆ. ನೆಗೆಟಿವುಗಳ ಮೂಟೆಗಳು ಗುಜರಿಗೆ ಹೋಗುತ್ತವೆ. ಅದರೊಳಗಿನ ಬೆಳ್ಳಿಯನ್ನು ತೆಗೆಯುವವರಿದ್ದಾರೆ. ಕಂಪ್ಯೂಟರಿನಲ್ಲಿರುವುದಂತೂ ಆಲ್ಬಮ್ ಕೊಟ್ಟ ಕೆಲವು ತಿಂಗಳಿಗೆ ಜಾಗ ಸಾಲದೆ ಅಳಿಸಿ ಹೋಗುತ್ತದೆ. ನಿಮ್ಮ ಮನೆಯ ಮದುವೆಯ ಚಿತ್ರ ತೆಗೆದವರು ಇನ್ನೂ ಇದ್ದರೆ, ಒಮ್ಮೆ ಹೋಗಿ ಆಲ್ಬಮ್ಮಿಗೆ ಸೇರದೆ ಬಿಟ್ಟ ಚಿತ್ರಗಳನ್ನು ಕೇಳಿ. ಕಣ್ಣು ಮುಚ್ಚಿದ್ದು, ಬೆಳಕು ಕಡಿಮೆಯಾದದ್ದು, ಯಾರೋ ಅಡ್ಡ ಬಂದದ್ದು. ಆ ಅಡ್ಡ ಬಂದವರು ಯಾರು ಎಂದು ನೋಡಿ.