ಸತ್ತವರ ಮಾನ, ಬದುಕಿದವರ ಜೀವ

ಕಾನೂನಿನ ಕಲಮುಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ವಕೀಲರು ಅವನ್ನು ಓದುತ್ತಾರೆ, ಉಳಿದವರು ಸಿಕ್ಕಿಬಿದ್ದಾಗ ಮಾತ್ರ ಓದಿಸಿಕೊಳ್ಳುತ್ತಾರೆ. ಆದರೆ ದ್ವೇಷದ ಮಾತಿಗೆ ಈ ದೇಶ ನೂರಿಪ್ಪತ್ತೈದು ವರ್ಷಗಳಿಂದ ಕೊಡುತ್ತ ಬಂದಿರುವ ಉತ್ತರವೆಲ್ಲ ಎರಡು ಕಲಮುಗಳಲ್ಲಿ ಅಡಗಿದೆ: 1898ರಲ್ಲಿ ದಂಡಸಂಹಿತೆಗೆ ಸೇರಿದ 153ಎ, 1927ರಲ್ಲಿ ಸೇರಿದ 295ಎ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 196 ಮತ್ತು 299 ಆಗಿವೆ. ರಟ್ಟು ಹೊಸದು, ಒಳಗಿನ ಹಾಳೆ ಬಹುಮಟ್ಟಿಗೆ ಹಳೆಯದೇ. ಒಂದು ಕೃತಿಯನ್ನು ಓದುವ ಹಾಗೆ ಇವನ್ನು ಓದುತ್ತ ಹೋದರೆ ಮೊದಲು ಕಣ್ಣಿಗೆ ಬೀಳುವುದು, ಇವುಗಳಲ್ಲಿ ಪೆಟ್ಟು ತಿನ್ನುವವನು ಮನುಷ್ಯನಲ್ಲ ಎಂಬುದು. 153ಎಯಲ್ಲಿ ಕೆಡುವುದು ಸೌಹಾರ್ದ, 295ಎಯಲ್ಲಿ ನೋಯುವುದು ಭಾವನೆ. ಗಾಯಗೊಂಡ ಮನುಷ್ಯನನ್ನು ಸಾಲುಗಳ ನಡುವೆ ಹುಡುಕಬೇಕು.

ಎರಡನೆಯ ಕಲಮಿನ ಹುಟ್ಟಿನ ಕತೆ ಲಾಹೋರಿನದು. 1924ರಲ್ಲಿ ಅಲ್ಲಿ ಪ್ರವಾದಿಯವರ ಖಾಸಗಿ ಬದುಕನ್ನು ಗೇಲಿ ಮಾಡುವ ‘ರಂಗೀಲಾ ರಸೂಲ್’ ಎಂಬ ಕಿರುಪುಸ್ತಕ ಬಂತು. ಅದನ್ನು ಹೊರತಂದ ರಾಜ್‌ಪಾಲ್ ಮೇಲೆ 153ಎ ಹೂಡಿದರು. ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. 1927ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಅವನನ್ನು ಬಿಡುಗಡೆ ಮಾಡಿದರು. ಪುಸ್ತಕ ಹೊಲಸೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆದರೆ ತೀರಿಕೊಂಡ ಧರ್ಮಗುರುವಿನ ಬದುಕಿನ ಮೇಲಿನ ಟೀಕೆಯನ್ನೆಲ್ಲ ತಡೆಯುವುದಕ್ಕೆ ಈ ಕಲಮು ಹುಟ್ಟಿಲ್ಲ, ಸಮುದಾಯಗಳ ನಡುವೆ ಹಗೆ ಹಚ್ಚುವುದು ಬೇರೆ, ಸತ್ತವರ ಟೀಕೆ ಬೇರೆ ಎಂದು ಅವರು ಗೆರೆ ಎಳೆದರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಎಳೆದ ಅತಿ ಒಳ್ಳೆಯ ಗೆರೆ ಅದು. ಅದಕ್ಕೆ ಒಂದು ವರ್ಷದ ಆಯುಷ್ಯವೂ ಇರಲಿಲ್ಲ. ಬೀದಿಯಲ್ಲಿ ಆಕ್ರೋಶ ಎದ್ದಿತು, ಆ ಗೆರೆಯನ್ನು ಅಳಿಸಲೆಂದೇ ಅದೇ ವರ್ಷ 295ಎ ಬಂತು. ಕರಡನ್ನು ಪರಿಶೀಲಿಸಿದ ಸಮಿತಿಯಲ್ಲಿದ್ದ ಜಿನ್ನಾ, ಪ್ರಾಮಾಣಿಕವಾಗಿ ಧರ್ಮವನ್ನು ವಿಮರ್ಶಿಸುವವರಿಗೆ ಇದು ಉರುಳಾಗಬಾರದು ಎಂದು ಎಚ್ಚರಿಸಿದ್ದರು. ಹೊಸ ಕಲಮು ರಾಜ್‌ಪಾಲನನ್ನೂ ಕಾಯಲಿಲ್ಲ. 1929ರ ಏಪ್ರಿಲಿನಲ್ಲಿ ಅವನ ಕೊಲೆಯಾಯಿತು, ಕೊಂದ ಯುವಕ ಇಲ್ಮುದ್ದೀನ್ ಅದೇ ಅಕ್ಟೋಬರಿನಲ್ಲಿ ನೇಣಿಗೇರಿದ. ಅವನ ಮೇಲ್ಮನವಿಯಲ್ಲಿ ವಾದಿಸಿದ ವಕೀಲರು ಅದೇ ಜಿನ್ನಾ.

ಲಾಹೋರಿನಲ್ಲಿ ಅಳಿಸಿಹೋದ ಗೆರೆಯ ಬೆಲೆಯನ್ನು ಕನ್ನಡವೂ ತೆತ್ತಿದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಬಸವಣ್ಣನವರ ಕಾಲವನ್ನು ಕುರಿತ ಕಾದಂಬರಿ. ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದ ಪುಸ್ತಕ. ಬಸವಣ್ಣನವರ ಅಕ್ಕನ ಚಿತ್ರಣದ ಬಗ್ಗೆ ಗದ್ದಲ ಎದ್ದು, ಸರ್ಕಾರ 1997ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು, 2007ರಲ್ಲಿ ಸೋತರು. ಮುಟ್ಟುಗೋಲಿನ ಕಲಮಿನಲ್ಲಿ ಒಂದು ಪದವಿದೆ: ಪುಸ್ತಕದಲ್ಲಿ ಅಪರಾಧವಿದೆ ಎಂದು ಸರ್ಕಾರಕ್ಕೆ ‘ಕಂಡರೆ’ ಸಾಕು. ಕಾದಂಬರಿಕಾರನಿಗೂ ಏನೇನೋ ಕಾಣುತ್ತದೆ, ಆದರೆ ಅವನ ಕಾಣುವಿಕೆಗೆ ಗೆಜೆಟ್ಟಿನ ಬಲವಿಲ್ಲ. ಎಂಟುನೂರು ವರ್ಷಗಳ ಹಿಂದಿನ ಹೆಣ್ಣುಮಗಳೊಬ್ಬರ ಮಾನ ಕಾಯುವ ಹೆಸರಿನಲ್ಲಿ ಜೀವಂತ ಲೇಖಕರೊಬ್ಬರ ಪುಸ್ತಕ ಅಂಗಡಿಯಿಂದ ಮಾಯವಾಯಿತು. ಪುಸ್ತಕ ಒಳ್ಳೆಯದೋ ಕೆಟ್ಟದೋ ಎಂದು ಓದುಗರು ಜಗಳವಾಡುವ ಅವಕಾಶವೂ ಅದರ ಜೊತೆಗೇ ಹೋಯಿತು.

ಇನ್ನು ಈ ಕಲಮುಗಳಿಗೆ ಕಾಣದೆ ಹೋದದ್ದೇನು? 2022ರ ಮಾರ್ಚಿನಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಅದನ್ನೇ ಸಾರುವ ಫಲಕಗಳು ಕರಾವಳಿಯಿಂದ ಮಲೆನಾಡಿಗೆ, ಅಲ್ಲಿಂದ ಬಯಲುಸೀಮೆಗೆ ಹಬ್ಬಿದವು. ಏಪ್ರಿಲಿನಲ್ಲಿ ಧಾರವಾಡದ ಹತ್ತಿರದ ನುಗ್ಗಿಕೇರಿ ಹನುಮಂತ ದೇವರ ಗುಡಿಯ ಬಳಿ ಒಬ್ಬ ವ್ಯಾಪಾರಿಯ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದರು. ಆ ಫಲಕಗಳಲ್ಲಿ ಯಾವ ಪ್ರವಾದಿಗೂ ಶರಣರಿಗೂ ಬೈಗುಳವಿರಲಿಲ್ಲ. ಇದ್ದದ್ದು, ಇಂಥವರ ಹೊಟ್ಟೆಗೆ ಹೊಡೆಯಿರಿ ಎಂಬ ಕರೆ. ಸರ್ಕಾರ ಸದನದಲ್ಲಿ, ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂಬ ಧಾರ್ಮಿಕ ದತ್ತಿ ಕಾಯ್ದೆಯ 2002ರ ನಿಯಮವೊಂದನ್ನು ತೋರಿಸಿ ಕೈತೊಳೆದುಕೊಂಡಿತು. ಆ ನಿಯಮ ಬಂದದ್ದು ಎದುರು ಬೆಂಚಿನಲ್ಲಿ ಕೂತಿದ್ದ ಪಕ್ಷದ ಆಡಳಿತದಲ್ಲಿ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ. ಕಾದಂಬರಿಗೆ ಬರೆ ಬಿತ್ತು, ಜಾತ್ರೆಯ ಜ್ವರ ಹಾಗೇ ಉಳಿಯಿತು.

ಕಲಮು ನೆಟ್ಟಗಿದ್ದರೂ ಅದು ನಡೆಯುವ ದಾರಿ ನೆಟ್ಟಗಿಲ್ಲ. ಭಾಷಣವಾಗುತ್ತದೆ, ದೂರು ಬರುತ್ತದೆ, ಎಫ್‌ಐಆರ್ ಆಗುತ್ತದೆ, ಭಾಷಣಕಾರನಿಗೆ ಹಾರ ಬೀಳುತ್ತದೆ. ಆಮೇಲೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಮಂಜೂರಾತಿ ಬೇಕು. ಕಡತ ಹೋಗುವುದು ಯಾರ ಮೇಜಿಗೆ ಎಂಬುದರ ಮೇಲೆ ಅದರ ನಡಿಗೆ ನಿಂತಿದೆ. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮೂರು ಕಡೆಯ ಪೊಲೀಸರಿಗೆ, ಮರುವರ್ಷ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೆ, ದೂರಿಗೆ ಕಾಯದೆ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿ ಎಂದಿತು. ಮುಂಬಾಗಿಲು ಅಗಲವಾಯಿತು, ಹಿಂಬಾಗಿಲಿಗೆ ಚಿಲಕ ಬೀಳಲಿಲ್ಲ. ಗಲಭೆ ಪ್ರಕರಣಗಳ ಗತಿ ನೋಡಿ: 2020ರಲ್ಲಿ ಆಗಿನ ರಾಜ್ಯ ಸರ್ಕಾರ ಅರವತ್ತಕ್ಕೂ ಹೆಚ್ಚು ಪ್ರಕರಣಗಳನ್ನು ಹಿಂಪಡೆಯಲು ಹೊರಟಿತು, ಹೈಕೋರ್ಟ್ ತಡೆಯಿತು. 2024ರಲ್ಲಿ ಬೇರೆ ಪಕ್ಷದ ಸರ್ಕಾರ ಹುಬ್ಬಳ್ಳಿ ಗಲಭೆಯೂ ಸೇರಿದಂತೆ 43 ಪ್ರಕರಣಗಳನ್ನು ಕೈಬಿಡಲು ಹೊರಟಿತು, ಮರುವರ್ಷ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ನಮ್ಮವರ ಕಲ್ಲು ಹೂವು, ಅವರ ಹೂವೂ ಕಲ್ಲು. ಅದೇ ಹೊತ್ತಿಗೆ ಬರಹಗಾರನಿಗೆ ಮಂಜೂರಾತಿಯ ತನಕ ಕಾಯುವ ಭಾಗ್ಯವೂ ಇರುವುದಿಲ್ಲ. 2013ರಲ್ಲಿ ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಅವರ ಬಂಧನವೇ ಆಯಿತು.

ಈ ಹಿನ್ನೆಲೆಯಲ್ಲಿ, 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಒಪ್ಪಿದ ದ್ವೇಷ ಭಾಷಣ ತಡೆ ವಿಧೇಯಕವನ್ನು ನಾನು ಆಸೆಯಿಂದಲೇ ಓದಿದೆ. ಗುಂಪಿನ ಹೆಸರಿನಲ್ಲಿ ಮನುಷ್ಯರಿಗೆ ಕೇಡು ಮಾಡುವುದನ್ನು ಅದು ಹೆಸರಿಟ್ಟು ಕರೆಯುತ್ತದೆ, ಅಷ್ಟು ಒಳ್ಳೆಯದು. ಶಿಕ್ಷೆ ಒಂದು ವರ್ಷದಿಂದ ಏಳು ವರ್ಷ, ಜಾಮೀನಿಲ್ಲ. ಆದರೆ ವ್ಯಾಖ್ಯೆಗೆ ಬಂದಾಗ ಓದು ನಿಂತಿತು. ‘ಬದುಕಿರುವ ಅಥವಾ ಸತ್ತ’ ವ್ಯಕ್ತಿಯ ವಿರುದ್ಧದ ಮಾತು ಎಂದಿದೆ. ದಲೀಪ್ ಸಿಂಗ್ ಹೊರಗಿಟ್ಟಿದ್ದನ್ನು ಒಂದು ‘ಅಥವಾ’ ಮತ್ತೆ ಒಳಗೆ ಕರೆದು ಕೂರಿಸಿದೆ. ಜೊತೆಗೆ ವೈರ, ದ್ವೇಷ, ಕೆಡುಕಿನ ಭಾವನೆ ಎಂಬ ಅದೇ ಹಳೆಯ ಸಾಮಾನು. ಇತಿಹಾಸ, ಪುರಾಣಗಳನ್ನು ಕೆದಕುವ ನಾಳಿನ ಕಾದಂಬರಿಕಾರನಿಗೆ ಈ ಏಳು ವರ್ಷ ಎಷ್ಟು ಹತ್ತಿರವೋ, ಸಭ್ಯ ಭಾಷೆಯಲ್ಲಿ ಬಹಿಷ್ಕಾರ ಸಾರುವ ಜಾಣನಿಗೆ ಅಷ್ಟೇ ದೂರ.

ಹಾಗಾದರೆ ಎಲ್ಲ ಮಾತನ್ನೂ ಬಿಟ್ಟುಬಿಡೋಣವೇ? ನಾವು 295ಎ ಬರೆದ 1927ರಲ್ಲೇ ಅಮೆರಿಕದ ನ್ಯಾಯಮೂರ್ತಿ ಬ್ರಾಂಡೈಸ್, ಸಮಯವಿದ್ದರೆ ಕೆಟ್ಟ ಮಾತಿಗೆ ಮದ್ದು ಇನ್ನಷ್ಟು ಮಾತೇ ಎಂದು ಬರೆದರು. 1969ರಲ್ಲಿ ಅಲ್ಲಿನ ನ್ಯಾಯಾಲಯ ಕೂ ಕ್ಲಕ್ಸ್ ಕ್ಲಾನ್ ನಾಯಕನನ್ನೂ ಬಿಟ್ಟಿತು: ತಕ್ಷಣದ ಹಿಂಸೆಗೆ ಪ್ರಚೋದಿಸಿದರೆ, ಹಿಂಸೆ ಆಗುವ ಸಂಭವವಿದ್ದರೆ ಮಾತ್ರ ಅಪರಾಧ. ಬೆಂಗಳೂರಿನ ಸಭೆಗಳಲ್ಲಿ ಈ ಸಾಲುಗಳನ್ನು ಹೇಳುವವರ ಮೇಲೆ ನನಗೆ ಗೌರವವಿದೆ, ಪೂರ್ಣ ಒಪ್ಪಿಗೆಯಿಲ್ಲ. ಮಾತಿಗೆ ಮಾತು ಎನ್ನಬೇಕಾದರೆ ಎದುರು ಮಾತಾಡುವವರು ಬದುಕಿರಬೇಕು. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ, ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯೆದುರು ಗುಂಡಿಟ್ಟು ಕೊಂದರು. ಇಬ್ಬರೂ ಮಾತಿಗೆ ಮಾತು ಕೊಟ್ಟವರೇ.

ನನಗೆ ಹೆಚ್ಚು ಹಿಡಿಸುವುದು ನಮ್ಮದೇ ಸುಪ್ರೀಂ ಕೋರ್ಟಿನ ಎರಡು ತೀರ್ಪು. 2015ರ ಶ್ರೇಯಾ ಸಿಂಘಲ್ ಪ್ರಕರಣ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಮೆಟ್ಟಿಲು ಗುರುತಿಸಿ, ಮೂರನೆಯದರಲ್ಲಿ ಮಾತ್ರ ಪೊಲೀಸರಿಗೆ ಜಾಗ ಕೊಟ್ಟಿತು. 2025ರ ಮಾರ್ಚಿನಲ್ಲಿ ಇಮ್ರಾನ್ ಪ್ರತಾಪ್‌ಗಢಿಯವರು ಹಂಚಿಕೊಂಡ ಕವಿತೆಯ ಮೇಲಿನ ಎಫ್‌ಐಆರ್ ರದ್ದುಪಡಿಸುತ್ತ ಅದೇ ಕೋರ್ಟ್, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಅಳತೆಯಲ್ಲಿ ಅಳೆಯಬೇಕು, ಎಲ್ಲದರಲ್ಲೂ ಅಪಾಯ ಕಾಣುವವರ ಅಳತೆಯಲ್ಲಲ್ಲ ಎಂದಿತು. ಭಾವನೆಯ ಬದಲು ಮೂರನೆಯ ಮೆಟ್ಟಿಲನ್ನು ಹಿಡಿದು ಕಲಮನ್ನು ಮತ್ತೆ ಬರೆದರೆ ಕಾದಂಬರಿ ತಾನಾಗಿ ಹೊರಗುಳಿಯುತ್ತದೆ, ಬದುಕಿರುವ ಜನರ ಮೇಲೆ ಕೈಮಾಡಿ ಎಂಬ ಕರೆ ಒಳಗೆ ಬರುತ್ತದೆ. ಬಹಿಷ್ಕಾರದ ಕರೆಗೆ ಜೈಲು ಬೇಕೇ ಎಂಬುದರಲ್ಲಿ ನನ್ನ ಮನಸ್ಸು ಇನ್ನೂ ಹೊಯ್ದಾಡುತ್ತಿದೆ. ಆದರೆ ಕಾಪುವಿನಲ್ಲಿ ಆ ದಿನ ಬೇಕಾಗಿದ್ದದ್ದು ಜೈಲಲ್ಲ. ತಹಶೀಲ್ದಾರರು ಬಂದು ಫಲಕ ಬಿಚ್ಚಿಸಬೇಕಿತ್ತು, ಏಲಂ ಎಲ್ಲರಿಗೂ ತೆರೆದಿದೆ ಎಂದು ಸಾರಿಸಬೇಕಿತ್ತು, ಬಳೆಯಂಗಡಿಯವನು ಗೂಟ ಹೊಡೆಯುವಾಗ ಪಕ್ಕದಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ನಿಲ್ಲಿಸಬೇಕಿತ್ತು. ಅಷ್ಟಕ್ಕೆ ಬೆಳಗಾವಿಯಲ್ಲಿ ಅಧಿವೇಶನ ಸೇರಬೇಕಾಗಿರಲಿಲ್ಲ.