ಗೊಲ್ಗೊಥಾ ಮತ್ತು ನಮ್ಮ ಶಿಲುಬೆ

ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಯೇಸುವಿನ ಕಡೆಯ ದಿನದ ಕಾವ್ಯ. ಪೈಗಳು ಕ್ರೈಸ್ತರಲ್ಲ, ಆದರೂ ಶಿಲುಬೆಯ ನೋವನ್ನು ಕನ್ನಡಕ್ಕೆ ತಂದರು. ಅದು ದೊಡ್ಡದೇ. ಆದರೆ ಆ ಸಂಸ್ಕೃತಭರಿತ ಮಾತು ಕೂಲಿಗೆ ಹೋಗುವ ನಮ್ಮವ್ವನ ಕಿವಿಗೆ ಇಳಿಯುವುದಿಲ್ಲ. ಬಡಗಿಯ ಮಗನ ಸಾವು ಹೇಳೋಕೆ ಇಷ್ಟೊಂದು ಒಡವೆ ಯಾಕೆ ಬೇಕಿತ್ತು?

ಹಳ್ಳಿಮೈಸೂರಿನ ನಮಗೆ ಗೊಲ್ಗೊಥಾ ದೂರದ ಗುಡ್ಡವಲ್ಲ. ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿಗಾಗಿ ಶೆಟ್ಟಿಹಳ್ಳಿಯ ಜನ ಗಂಟುಮೂಟೆ ಕಟ್ಟಿದರು. ಅಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಜಲಾಶಯ ತುಂಬಿದಾಗ ಮುಳುಗುತ್ತದೆ, ನೀರಿಳಿದರೆ ಏಳುತ್ತದೆ. ನೋಡಬಂದವರು ಫೋಟೋ ಹಿಡಿದು ಹೋಗುತ್ತಾರೆ. ಗೋಡೆ ಎದ್ದರೆ ಆಯ್ತೇನು? ಮನೆಗಳು ಏಳಲಿಲ್ಲವಲ್ಲ!

'ತಾಳಿಕೊಳ್ಳಿ, ಪರಲೋಕದಲ್ಲಿ ಸುಖವಿದೆ' ಅನ್ನುವ ಭರವಸೆ ಒಡೆಯರಿಗೇ ಅನುಕೂಲ. 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಪಟ್ಟಿಗೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತ ಇಂದಿಗೂ ಹೊರಗೇ. ಮತ ಬಿಟ್ಟರೂ ಕೇರಿ ಬಿಡಲಿಲ್ಲ. ಕೈಯಲ್ಲಿದ್ದ ಕಾಗದ ಮಾತ್ರ ಹೋಯ್ತು.

ಶಿಲುಬೆ ಹೊತ್ತವನ ಜೊತೆ ನಾವಿದ್ದೇವೆ. ನಮಗೆ ಭರವಸೆ ಅಂದರೆ ಮೊಳೆ ಹೊಡೆದವನ ಹೆಸರು ಹಿಡಿದು ಕೂಗುವುದು. ಆ ಕಾವ್ಯ ಇನ್ನು ನಮ್ಮವ್ವನ ಮಾತಲ್ಲೇ ಬರಬೇಕು.