ಬಾಲಂಗೋಚಿ ಹಾಡುಗಳು

ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ‘ಲೀಜ್ ಅಂಡ್ ಲೀಫ್’ 1969ರ ಡಿಸೆಂಬರಿನಲ್ಲಿ ಎಲ್‌ಪಿಯಾಗಿ ಹೊರಬಂದಾಗ ಅದರಲ್ಲಿದ್ದದ್ದು ಎಂಟು ಟ್ರ್ಯಾಕ್. 2002ರ ಸಿಡಿ ಆವೃತ್ತಿಯಲ್ಲಿ ಅವು ಹತ್ತಾದವು. ಎಲ್‌ಪಿಯ ಎರಡೂ ಮುಖ ಸೇರಿದರೆ ನಲವತ್ತು ನಿಮಿಷ. ಸಿಡಿಯಲ್ಲಿ ಎಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ. ಜಾಗ ಖಾಲಿ ಬಿಟ್ಟರೆ ಗಿರಾಕಿ ಬೇಸರಪಡುತ್ತಾನೆಂದು ಕಂಪನಿಗಳು ಅಂಜುತ್ತವೆ, ಹಾಗಾಗಿ ಸ್ಟುಡಿಯೋದಲ್ಲಿ ಉಳಿದುಹೋದದ್ದನ್ನೆಲ್ಲ ಬೋನಸ್ ಎಂದು ಕರೆದು ಕೊನೆಗೆ ಜೋಡಿಸುತ್ತವೆ. ಬ್ರಿಟಿಷ್ ಜಾನಪದ-ರಾಕ್‌ನ ಹಳೆಯ ಆಲ್ಬಂಗಳು ಸಿಡಿಯಾಗಿ ಮರಳಿದ್ದು ಹೆಚ್ಚಾಗಿ ಹೀಗೆಯೇ. ವಿಮರ್ಶಕರೂ ಬೋನಸ್ ಎಷ್ಟಿದೆಯೆಂದು ಎಣಿಸಿ ಅಂಕ ಕೊಡುತ್ತಾರೆ. ನನ್ನ ಲೆಕ್ಕ ಇದಕ್ಕೆ ಉಲ್ಟಾ. ಆಲ್ಬಂ ಮುಗಿದಲ್ಲಿ ತಟ್ಟೆಯೂ ಮುಗಿಯಬೇಕು. ಮಿಕ್ಕದ್ದು ಎಷ್ಟೇ ಚೆನ್ನಾಗಿರಲಿ, ಅದರ ಜಾಗ ಬೇರೊಂದು ತಟ್ಟೆ.

‘ಲೀಜ್ ಅಂಡ್ ಲೀಫ್’ನಲ್ಲಿ ಏನನ್ನು ಬಿಡಲಾಯಿತು ಎಂಬುದು, ಏನನ್ನು ಹಾಕಲಾಯಿತು ಎಂಬುದರಷ್ಟೇ ಮುಖ್ಯ. ಅದಕ್ಕೆ ಕೆಲವೇ ತಿಂಗಳ ಹಿಂದೆ ಬಂದ ‘ಅನ್‌ಹಾಫ್‌ಬ್ರಿಕಿಂಗ್’ನಲ್ಲಿ ಬಾಬ್ ಡಿಲನ್‌ನ ಮೂರು ಹಾಡುಗಳಿದ್ದವು. ಆಗಿನ ಫೇರ್‌ಪೋರ್ಟ್ ಅರ್ಧ ಅಮೆರಿಕದತ್ತ ಮುಖ ಮಾಡಿದ್ದ ತಂಡ. 1969ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಯಕ್ರಮ ಮುಗಿಸಿ ಬರುವಾಗ ಎಂ1 ಹೆದ್ದಾರಿಯಲ್ಲಿ ಅವರ ವ್ಯಾನ್ ಉರುಳಿತು. ಹತ್ತೊಂಬತ್ತರ ಹರೆಯದ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್, ಗಿಟಾರ್ ವಾದಕ ರಿಚರ್ಡ್ ಥಾಂಪ್ಸನ್ ಅವರ ಗೆಳತಿ ಜೀನಿ ಫ್ರಾಂಕ್ಲಿನ್ ಇಬ್ಬರೂ ತೀರಿಕೊಂಡರು. ಉಳಿದವರು ಆ ಬೇಸಿಗೆಯಲ್ಲಿ ಹ್ಯಾಂಪ್‌ಶೈರ್‌ನ ಫಾರ್ಲಿ ಚೇಂಬರ್ಲೇನ್ ಎಂಬ ಹಳ್ಳಿಯ ಮನೆಯೊಂದರಲ್ಲಿ ಸೇರಿದರು. ಪಿಟೀಲಿನ ಡೇವ್ ಸ್ವಾರ್ಬ್ರಿಕ್ ಮತ್ತು ಹೊಸ ಡ್ರಮ್ಮರ್ ಡೇವ್ ಮಟಾಕ್ಸ್ ತಂಡಕ್ಕೆ ಬಂದರು. ಬಾಸ್ ನುಡಿಸುತ್ತಿದ್ದ ಆಶ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನ ಗ್ರಂಥಾಲಯದಲ್ಲಿ ಹಳೆಯ ಲಾವಣಿಗಳನ್ನು ಹುಡುಕಿ ತೆಗೆದರು. ಹಳೆಯ ದಾರಿ ಬಿಟ್ಟು ತಮ್ಮ ನೆಲದ ಹಾಡುಗಳನ್ನು ವಿದ್ಯುತ್ ಗಿಟಾರಿಗೆ ಹೊಂದಿಸುವುದು ಅವರ ನಿರ್ಧಾರವಾಗಿತ್ತು. ಆಲ್ಬಂ ಮುಗಿಯುವುದು ‘ಕ್ರೇಜಿ ಮ್ಯಾನ್ ಮೈಕೆಲ್’ನಿಂದ: ಮಾತಾಡುವ ಕಾಗೆಯನ್ನು ಕೊಂದ ಮೇಲೆ, ತಾನು ಕೊಂದದ್ದು ತನ್ನ ನಲ್ಲೆಯನ್ನೇ ಎಂದು ತಿಳಿದು ಹುಚ್ಚನಾಗುವವನ ಕತೆ. ಕೇಳಲು ಮುನ್ನೂರು ವರ್ಷ ಹಳೆಯದೆನಿಸುತ್ತದೆ. ಆದರೆ ಸಾಹಿತ್ಯ ಥಾಂಪ್ಸನ್ ಅವರದು, ಅದೇ ವರ್ಷದ್ದು. ಹಳತನ್ನು ಅಗೆದು ತೆಗೆದವರು ಕೊನೆಗೆ ಅದೇ ನುಡಿಗಟ್ಟಿನಲ್ಲಿ ತಮ್ಮ ಮಾತು ಆಡಿದರು. ಇನ್ನು 2002ರ ಸಿಡಿಯಲ್ಲಿ ಅದರ ಬೆನ್ನಿಗೇ ಬರುವ ಎರಡರಲ್ಲಿ ಒಂದು ‘ಕ್ವಾಯಟ್ ಜಾಯ್ಸ್ ಆಫ್ ಬ್ರದರ್‌ಹುಡ್’. ಧಾಟಿ ಐರಿಶ್, ಸಾಹಿತ್ಯ ಅಮೆರಿಕದ ರಿಚರ್ಡ್ ಫರಿನಾ ಅವರದು. ತಂಡದ ಗಾಯಕಿ ಸ್ಯಾಂಡಿ ಡೆನಿ ಅವರ ಕಂಠದಲ್ಲಿ ಅದು ಸೊಗಸಾಗಿದೆ, ಆ ಬಗ್ಗೆ ಜಗಳವಿಲ್ಲ. ಆದರೆ ತಂಡ ಯಾವ ಬಾಗಿಲನ್ನು ಮುಚ್ಚಿ ಹೊರಟಿತ್ತೋ ಅದನ್ನೇ ಕಂಪನಿ ಮೂವತ್ತಮೂರು ವರ್ಷದ ಮೇಲೆ ತೆರೆದಿಟ್ಟ ಹಾಗಾಯಿತು.

ಇದಕ್ಕೆ ಎದುರಾಗಿ, ಗಾಯಕ ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ ಹೇಗೆ ಮರಳಿತು ನೋಡಿ. 1971ರಲ್ಲಿ ಎರಡು ರಾತ್ರಿಗಳಲ್ಲಿ, ಎಂಜಿನಿಯರ್ ಜಾನ್ ವುಡ್ ಅವರೊಬ್ಬರನ್ನೇ ಎದುರಿಟ್ಟುಕೊಂಡು ಮುದ್ರಿಸಿದ ಹನ್ನೊಂದು ಹಾಡು. ಒಟ್ಟು ಅರ್ಧ ಗಂಟೆಯೂ ಇಲ್ಲ. ಸಿಡಿಯ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಆದರೂ 2000ದ ಹೊಸ ಆವೃತ್ತಿಯಲ್ಲಿ ಒಂದು ಹಾಡನ್ನೂ ಸೇರಿಸಲಿಲ್ಲ. ಉಳಿಕೆ ಹಾಡುಗಳಿಗೆ ‘ಟೈಮ್ ಆಫ್ ನೋ ರಿಪ್ಲೈ’ ಎಂಬ ಪ್ರತ್ಯೇಕ ಆಲ್ಬಂ ಇತ್ತು. ಸೇರಿಸಿದ್ದರೆ ಏನಾಗುತ್ತಿತ್ತು? ‘ಪಿಂಕ್ ಮೂನ್’ನ ಕೊನೆಯ ಹಾಡು ‘ಫ್ರಮ್ ದ ಮಾರ್ನಿಂಗ್’, ಇಡೀ ಆಲ್ಬಂನಲ್ಲಿ ಬೆಳಕಿರುವ ಹಾಡು. ಅದರ ಹಿಂದೆಯೇ 1974ರಲ್ಲಿ, ಅವರು ಸತ್ತ ವರ್ಷದಲ್ಲಿ ಮುದ್ರಿಸಿದ ‘ಬ್ಲ್ಯಾಕ್ ಐಡ್ ಡಾಗ್’ ಬಂದಿದ್ದರೆ ಆ ಬೆಳಕನ್ನು ನಂಬುವವರೇ ಇರುತ್ತಿರಲಿಲ್ಲ. ಆಲ್ಬಂ ಒಂದು ಆತ್ಮಹತ್ಯಾ ಪತ್ರದಂತೆ ಕೇಳಿಸುತ್ತಿತ್ತು. ಹಾಗೆ ಕೇಳುವವರು ಈಗಲೂ ಕಡಿಮೆಯಿಲ್ಲ, ಅದಿರಲಿ.

ನನ್ನ ಈ ಲೆಕ್ಕಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ, ಅದೂ ಜಾನಪದದ ಕಡೆಯಿಂದಲೇ. ಜನಪದ ಹಾಡಿಗೆ ಅಂತಿಮ ರೂಪ ಎಲ್ಲಿದೆ? ‘ಲೀಜ್ ಅಂಡ್ ಲೀಫ್’ನಲ್ಲೇ ಇರುವ ‘ಟ್ಯಾಮ್ ಲಿನ್’ಗೆ, ‘ಮ್ಯಾಟಿ ಗ್ರೋವ್ಸ್’ಗೆ ಊರಿಗೊಂದು ಪಾಠ. ಹಾಗಿರುವಾಗ ಸ್ಟುಡಿಯೋದಲ್ಲಿ ಮಾಡಿದ ಇನ್ನೊಂದು ಟೇಕ್ ಕೂಡ ಇನ್ನೊಂದು ಪಾಠ ತಾನೆ, ಅದನ್ನು ಹೊರಗಿಡಲು ನೀವು ಯಾರು? ಈ ಪ್ರಶ್ನೆಗೆ ಉತ್ತರ ಆ ಲಾವಣಿಗಳನ್ನು ಸಂಪಾದಿಸಿದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರಲ್ಲೇ ಇದೆ. ಹಾರ್ವರ್ಡ್‌ನ ಈ ಪ್ರಾಧ್ಯಾಪಕರು ಸಂಪಾದಿಸಿದ 305 ಲಾವಣಿಗಳು 1882ರಿಂದ 1898ರವರೆಗೆ ಸಂಪುಟಗಳಾಗಿ ಬಂದವು. ‘ಟ್ಯಾಮ್ ಲಿನ್’ ಅದರಲ್ಲಿ 39ನೆಯದು, ‘ಮ್ಯಾಟಿ ಗ್ರೋವ್ಸ್’ನ ಮೂಲ 81ನೆಯದು. ಸಿಕ್ಕಿದ ಪಾಠಗಳಿಗೆ ಅವರು ಎ, ಬಿ, ಸಿ ಎಂದು ಗುರುತಿಟ್ಟು ಬೇರೆಬೇರೆಯಾಗಿ ಅಚ್ಚುಹಾಕಿದರು. ಒಂದರ ಪದ್ಯ ಕಿತ್ತು ಇನ್ನೊಂದರ ತುದಿಗೆ ಹೊಲಿಯಲಿಲ್ಲ. ನಮ್ಮ ಗ್ರಂಥಸಂಪಾದಕರೂ ಪಾಠಾಂತರವನ್ನು ಅಡಿಟಿಪ್ಪಣಿಗೆ ಇಳಿಸುತ್ತಾರೆಯೇ ಹೊರತು ಕಾವ್ಯದ ಕೊನೆಗೆ ಹಚ್ಚುವುದಿಲ್ಲ. ಪಾಠಾಂತರ ಬೇಡವೆಂದು ಯಾರೂ ಹೇಳುತ್ತಿಲ್ಲ. ಯಾವುದು ಯಾವುದೆಂದು ಗೊತ್ತಾಗುವಂತೆ ಇಡಿ ಎಂಬುದಷ್ಟೇ ಬೇಡಿಕೆ.

ಫೇರ್‌ಪೋರ್ಟ್‌ನದೇ 1970ರ ‘ಫುಲ್ ಹೌಸ್’ ‘ಲೀಜ್ ಅಂಡ್ ಲೀಫ್’ಗಿಂತ ತೊಡಕಿನದು. ಅದರಿಂದ ‘ಪೂರ್ ವಿಲ್ ಅಂಡ್ ದ ಜಾಲಿ ಹ್ಯಾಂಗ್‌ಮ್ಯಾನ್’ ಎಂಬ ಹಾಡನ್ನು ಥಾಂಪ್ಸನ್ ಕೊನೆಗಳಿಗೆಯಲ್ಲಿ ಹಟ ಹಿಡಿದು ತೆಗೆಸಿದರು. ಅಷ್ಟರಲ್ಲಿ ಹೊದಿಕೆ ಅಚ್ಚಾಗಿಹೋಗಿತ್ತು; ಹಾಡಿನ ಹೆಸರಿನ ಮೇಲೆ ಮಸಿ ಬಳಿಯಬೇಕಾಯಿತು. ಮುಂದೆ ಸಿಡಿಯಲ್ಲಿ ಆ ಹಾಡು ಮರಳಿತು. ಇಲ್ಲಿ ಮೂಲರೂಪ ಯಾವುದು, ತಂಡ ಯೋಜಿಸಿದ್ದೇ, ಅಂಗಡಿಗೆ ಬಂದದ್ದೇ? ಜನ ಹಣ ಕೊಟ್ಟು ಮನೆಗೆ ಒಯ್ದು ಕೇಳಿದ್ದೇ ಮೂಲ ಎನ್ನುತ್ತೇನೆ. ಹಾಡು ಚೆನ್ನಾಗಿದೆ, ಅದನ್ನು ತೆಗೆಸಿದ್ದು ಬಹುಶಃ ತಪ್ಪು. ಆದರೂ ಆ ತಪ್ಪು ಅವರದು.

ದುಡ್ಡಿನ ಮಾತನ್ನು ಮಾತ್ರ ತಳ್ಳಿಹಾಕಲಾಗದು. ಗಾಯಕಿ ವಾಷ್ಟಿ ಬನ್ಯನ್ ಅವರ ‘ಜಸ್ಟ್ ಅನದರ್ ಡೈಮಂಡ್ ಡೇ’ 1970ರಲ್ಲಿ ಬಂದು ಯಾರ ಕಿವಿಗೂ ಬೀಳದೆ ಮರೆಯಾಯಿತು. 2000ದಲ್ಲಿ ಸ್ಪಿನ್ನಿ ಎಂಬ ಪುಟ್ಟ ಕಂಪನಿ ಅದನ್ನು ಸಿಡಿಯಾಗಿ ತಂದಿತು. ಅದರಿಂದ ಸಿಕ್ಕ ಹೊಸ ಕೇಳುಗರ ಬಲದಿಂದಲೇ ಅವರ ಎರಡನೇ ಆಲ್ಬಂ 2005ರಲ್ಲಿ ಬಂದದ್ದು. ಆ ಸಿಡಿಯಲ್ಲೂ ಬೋನಸ್ ಹಾಡುಗಳಿದ್ದವು. ಅವಕ್ಕೆ ಬೇರೆ ನೆಲೆ ಇರಲಿಲ್ಲ, ಅಂಥ ಕಂಪನಿ ಎರಡನೇ ತಟ್ಟೆಗೆ ಖರ್ಚು ಮಾಡಲಿ ಎನ್ನುವುದು ಅನ್ಯಾಯ. ಇನ್ನು ಜಾನಪದ ಗಾಯಕ ನಿಕ್ ಜೋನ್ಸ್ ಅವರ 1970ರ ದಶಕದ ಆಲ್ಬಂಗಳು ಹಕ್ಕಿನ ಗೋಜಲಿನಲ್ಲಿ ಸಿಕ್ಕಿ ದಶಕಗಳ ಕಾಲ ಸರಿಯಾದ ಮರುಬಿಡುಗಡೆಯನ್ನೇ ಕಾಣಲಿಲ್ಲ. 1982ರ ಅಪಘಾತ ಅವರ ವೃತ್ತಿಬದುಕನ್ನು ನಿಲ್ಲಿಸಿತು. ಹೊಸದನ್ನು ಮಾಡಿ ಹಳೆಯದರ ನಷ್ಟ ತುಂಬಿಕೊಳ್ಳುವಂತೆಯೂ ಇರಲಿಲ್ಲ. ಅವು ಹತ್ತು ಬೋನಸ್ ಹೊತ್ತು ಬಂದಿದ್ದರೂ ಯಾರೂ ತಕರಾರು ಮಾಡುತ್ತಿರಲಿಲ್ಲ, ನಾನೂ ಸೇರಿದಂತೆ. ನನ್ನ ತಕರಾರು ಖರ್ಚು ಮಾಡಬಲ್ಲ ದೊಡ್ಡ ಕಂಪನಿಗಳೊಂದಿಗೆ.

ಬೋನಸ್ ಬೇಡವಾದರೆ ಎಂಟನೆಯ ಟ್ರ್ಯಾಕಿನ ನಂತರ ಸ್ಟಾಪ್ ಒತ್ತಿ ಎನ್ನುವವರೂ ಇದ್ದಾರೆ. ಆಲ್ಬಂ ಎಲ್ಲಿ ಮುಗಿಯುತ್ತದೆಂದು ಮೊದಲೇ ಬಲ್ಲ ಹಳಬ ಒತ್ತಿಯಾನು. ಸಿಡಿಯಲ್ಲೇ ಮೊದಲ ಬಾರಿ ಕೇಳುವವನಿಗೆ ಹತ್ತನೆಯದೇ ಕೊನೆ. ‘ಲೀಜ್ ಅಂಡ್ ಲೀಫ್’ ಮಟ್ಟಿಗೆ 2007ರಲ್ಲಿ ಕಂಪನಿಯೇ ತಿದ್ದಿಕೊಂಡಿತು: ಮೊದಲ ತಟ್ಟೆಯಲ್ಲಿ ಎಂಟೇ ಟ್ರ್ಯಾಕ್, ರೇಡಿಯೊಗೆ ನುಡಿಸಿದ್ದು ಮತ್ತು ಉಳಿಕೆಗಳೆಲ್ಲ ಎರಡನೆಯದರಲ್ಲಿ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಆ ಎರಡನೇ ತಟ್ಟೆಯಲ್ಲಿ ‘ಫ್ಲೈ ಮಿ ಟು ದ ಮೂನ್’ ಕೂಡ ಇದೆ, ಬಿಡುವಿನಲ್ಲಿ ತಮಾಷೆಗೆ ನುಡಿಸಿದ ಹಾಗಿದೆ. ಅಲ್ಲಿ ಅದು ನಗು ತರಿಸುತ್ತದೆ. ‘ಕ್ರೇಜಿ ಮ್ಯಾನ್ ಮೈಕೆಲ್’ನ ಬೆನ್ನಿಗೆ ಬಂದಿದ್ದರೆ ಸಿಟ್ಟು ತರಿಸುತ್ತಿತ್ತು.